ಚೆಕ್ ಜಮಾ ಮಾಡಿದ ಮೇಲೂ ಓವರ್‌ಡ್ರಾಫ್ಟ್ ಶುಲ್ಕ ಬಿದ್ದದ್ದೇಕೆ?

ಪ್ರಶ್ನೆ: ನಾನು ಹಾಸನದವನು. ಅಮೆರಿಕದ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಹಿಂದಿನ ಮನೆಯ ಮಾಲೀಕರು ಅಡ್ವಾನ್ಸ್ ಹಣವೆಂದು ಹಿಂದಿರುಗಿಸಿದ 1,200 ಡಾಲರ್‌ಗಳ ಚೆಕ್ಕನ್ನು ಒಂದು ಶುಕ್ರವಾರ ರಾತ್ರಿ ಒಂಬತ್ತು ಗಂಟೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಫೋಟೊ ತೆಗೆದು ಜಮಾ ಮಾಡಿದೆ. ಖಾತೆಯಲ್ಲಿ ಮೊದಲೇ 260 ಡಾಲರ್ ಇದ್ದುದರಿಂದ ಆ್ಯಪ್ 1,460 ಎಂದು ತೋರಿಸಿತು. ಶನಿವಾರ ದಿನಸಿಗೆ 64 ಡಾಲರ್, ಭಾನುವಾರ ಪೆಟ್ರೋಲಿಗೆ 38 ಡಾಲರ್ ಡೆಬಿಟ್ ಕಾರ್ಡಿನಲ್ಲಿ ಖರ್ಚಾಯಿತು. ಸೋಮವಾರ 700 ಡಾಲರ್‌ಗಳ ಬಾಡಿಗೆ ಚೆಕ್ ಮತ್ತು 118 ಡಾಲರ್‌ಗಳ ವಿದ್ಯುತ್ ಬಿಲ್ಲಿನ ಆಟೋಪೇ ಎರಡೂ ಬಂದವು. ಬುಧವಾರ ನೋಡಿದರೆ ತಲಾ 35 ಡಾಲರ್‌ನಂತೆ ಮೂರು ಓವರ್‌ಡ್ರಾಫ್ಟ್ ಶುಲ್ಕಗಳು, ಒಟ್ಟು 105 ಡಾಲರ್ ಕಡಿತವಾಗಿತ್ತು: ಬಾಡಿಗೆಗೆ ಒಂದು, ವಿದ್ಯುತ್ತಿಗೆ ಒಂದು, ಪೆಟ್ರೋಲಿಗೆ ಒಂದು. ಹಣ ಖಾತೆಯಲ್ಲಿ ಇದ್ದೇ ಇತ್ತಲ್ಲ? ಇದನ್ನು ವಾಪಸ್ ಕೇಳಬಹುದೇ? ಚೆಕ್ ಬೌನ್ಸ್ ಕೇಸ್ ಏನಾದರೂ ಆಗುತ್ತದೆಯೇ ಎಂದು ಊರಿನಲ್ಲಿ ಅಪ್ಪನಿಗೆ ಆತಂಕ.

ಉತ್ತರ: ಮೊದಲು ನಿಮ್ಮ ತಂದೆಯವರ ಆತಂಕಕ್ಕೆ ಉತ್ತರ ಕೊಡುತ್ತೇನೆ. ಅವರ ಮನಸ್ಸಿನಲ್ಲಿರುವುದು ನಮ್ಮ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಹಣವಿಲ್ಲದೆ ಚೆಕ್ ಮರಳಿದರೆ ಭಾರತದಲ್ಲಿ ಅದು ಕ್ರಿಮಿನಲ್ ಮೊಕದ್ದಮೆಯವರೆಗೂ ಹೋಗಬಹುದು. ಆದರೆ ನಿಮ್ಮ ಬಾಡಿಗೆ ಚೆಕ್ ಮರಳಲೇ ಇಲ್ಲ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ಬ್ಯಾಂಕು ತನ್ನ ಹಣ ಹಾಕಿ ಅದನ್ನು ಪಾವತಿಸಿತು, ಹಾಗೆ ಪಾವತಿಸಿದ್ದಕ್ಕೇ ಶುಲ್ಕ ಹಾಕಿತು. ನಿಮ್ಮ ಮಾಲೀಕರಿಗೆ ಬಾಡಿಗೆ ತಲುಪಿದೆ, ಕೇಸಿನ ಮಾತೇ ಇಲ್ಲ.

ಭಾರತದಿಂದ ಹೋದವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ನಮ್ಮಲ್ಲಿ ಓವರ್‌ಡ್ರಾಫ್ಟ್ (ಓ.ಡಿ.) ಎಂದರೆ ನಿಶ್ಚಿತ ಠೇವಣಿಯನ್ನೋ ಸಂಬಳವನ್ನೋ ವ್ಯಾಪಾರದ ದಾಸ್ತಾನನ್ನೋ ಆಧಾರವಾಗಿಟ್ಟು, ಅರ್ಜಿ ಕೊಟ್ಟು, ಮಂಜೂರು ಮಾಡಿಸಿಕೊಳ್ಳುವ ಸಾಲ. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹಣವಿಲ್ಲದಿದ್ದರೆ ಯುಪಿಐ ಪಾವತಿ ವಿಫಲವಾಗುತ್ತದೆ, ಕಾರ್ಡ್ ನಿರಾಕರಣೆಯಾಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದಲ್ಲಿ ದಿನನಿತ್ಯದ ವ್ಯವಹಾರಕ್ಕೆ ಬಳಸುವ ಚೆಕಿಂಗ್ ಖಾತೆಯಲ್ಲಿ ಹಾಗಲ್ಲ. ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿದ್ದರೂ ಪಾವತಿಯನ್ನು ನಡೆಸಿಕೊಡುವ ವಿವೇಚನೆಯನ್ನು ಬ್ಯಾಂಕು ಒಪ್ಪಂದದಲ್ಲೇ ಉಳಿಸಿಕೊಂಡಿರುತ್ತದೆ. ನೀವು ಕೇಳದ ಸಾಲವನ್ನು ಅದು ನಿಮಗೆ ಒಂದೆರಡು ದಿನಕ್ಕೆ ಕೊಟ್ಟು, ಅದರ ಬೆಲೆಯನ್ನು ಬಡ್ಡಿಯೆಂದು ಕರೆಯದೆ ಶುಲ್ಕವೆಂದು ಕರೆಯುತ್ತದೆ. 38 ಡಾಲರ್‌ಗಳ ಪೆಟ್ರೋಲಿಗೆ 35 ಡಾಲರ್ ಶುಲ್ಕ ಎಂಬ ವಿಚಿತ್ರ ಹುಟ್ಟುವುದು ಹೀಗೆ. ಊರಿನ ಯಾವ ಲೇವಾದೇವಿಗಾರನೂ ಈ ದರವನ್ನು ಬಾಯಿಬಿಟ್ಟು ಹೇಳಲು ಧೈರ್ಯ ಮಾಡಲಾರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹಣ ಇದ್ದೇ ಇತ್ತಲ್ಲ ಎಂಬುದು. ಆ್ಯಪ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಕರೆಂಟ್ ಬ್ಯಾಲೆನ್ಸ್ ಎಂಬುದು ನೀವು ಜಮಾ ಮಾಡಿದ್ದನ್ನೆಲ್ಲ, ಅದಿನ್ನೂ ಕೈಗೆ ಬಾರದಿದ್ದರೂ, ಸೇರಿಸಿಕೊಂಡಿರಬಹುದಾದ ಸಂಖ್ಯೆ. ಅವೈಲಬಲ್ ಬ್ಯಾಲೆನ್ಸ್ ಎಂಬುದು ಈ ಕ್ಷಣಕ್ಕೆ ಖರ್ಚು ಮಾಡಲು ಬ್ಯಾಂಕು ಬಿಟ್ಟುಕೊಡುವ ಮೊತ್ತ. ಬಿಡುಗಡೆಯಾಗದ ಚೆಕ್ಕಿನ ಹಣ ಇದರಲ್ಲಿ ಇರುವುದಿಲ್ಲ, ಕಾರ್ಡಿನಲ್ಲಿ ಒಪ್ಪಿಗೆ ಪಡೆದು ಇನ್ನೂ ಲೆಕ್ಕಕ್ಕೆ ಏರದ ಖರ್ಚುಗಳು ಇದರಿಂದ ಆಗಲೇ ಕಳೆದುಹೋಗಿರುತ್ತವೆ. ನೀವು ನೋಡಿದ 1,460 ಮೊದಲನೆಯದು. ಶುಲ್ಕ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಹೆಚ್ಚಿನ ಬ್ಯಾಂಕುಗಳು ನೋಡುವುದು ಎರಡನೆಯದನ್ನು, ಮತ್ತು ಶುಕ್ರವಾರ ರಾತ್ರಿ ಅದು 260 ಮಾತ್ರವೇ ಇತ್ತು.

ನೀವು ಕಳುಹಿಸಿದ ಖಾತೆ ವಿವರದಂತೆ ನಡೆದದ್ದು ಹೀಗೆ. ಶುಕ್ರವಾರ ರಾತ್ರಿಯ ಹೊತ್ತಿಗೆ ಆ ದಿನದ ಜಮಾ ಗಡುವು ಮುಗಿದಿದ್ದರಿಂದ ನಿಮ್ಮ ಚೆಕ್ ಸೋಮವಾರ ಬಂದದ್ದೆಂದು ದಾಖಲಾಯಿತು. ಅದರಲ್ಲಿ 275 ಡಾಲರ್ ಮಂಗಳವಾರವೂ ಉಳಿದ 925 ಡಾಲರ್ ಬುಧವಾರವೂ ಬಿಡುಗಡೆಯಾದವು. ಈ ನಡುವೆ ಸೋಮವಾರ ರಾತ್ರಿ ದಿನಸಿಯ 64 ಕಳೆದು 196 ಉಳಿಯಿತು. ಬಾಡಿಗೆಯ 700 ಏರಿದಾಗ ಖಾತೆ ಸೊನ್ನೆಗಿಂತ 504 ಡಾಲರ್ ಕೆಳಗಿಳಿದು ಮೊದಲ ಶುಲ್ಕ ಬಿತ್ತು. ವಿದ್ಯುತ್ತಿನ 118 ಏರಿದಾಗ ಎರಡನೆಯದು ಬಿತ್ತು. ಎರಡು ಶುಲ್ಕಗಳೂ ಸೇರಿ ಕೊರತೆ 692 ಡಾಲರ್ ಆಯಿತು. ಮಂಗಳವಾರ ಬಿಡುಗಡೆಯಾದ 275 ಅದನ್ನು 417ಕ್ಕೆ ಇಳಿಸಿತು, ಆದರೆ ತುಂಬಲಿಲ್ಲ. ಅಂದು ರಾತ್ರಿ ಭಾನುವಾರದ ಪೆಟ್ರೋಲಿನ 38 ಲೆಕ್ಕಕ್ಕೆ ಏರಿ ಮೂರನೆಯ ಶುಲ್ಕ ತಂದಿತು. ಬುಧವಾರ 925 ಬಂದ ಮೇಲೆ ಖಾತೆಯಲ್ಲಿ 435 ಡಾಲರ್ ಉಳಿಯಿತು. ಒಟ್ಟು ಕೂಡಿ ಕಳೆದರೆ ತಾಳೆಯಾಗುತ್ತದೆ. ಕೊರತೆ ಇದ್ದದ್ದು ಎರಡು ದಿನಗಳ ಕಾಲದಲ್ಲಿ ಮಾತ್ರ, ನಿಮ್ಮ ಒಟ್ಟು ಹಣದಲ್ಲಿ ಅಲ್ಲ.

ಈ ಎರಡು ದಿನ ಎಲ್ಲಿಂದ ಬಂತು ಎಂದರೆ, ಜಮಾ ಮಾಡಿದ ಹಣವನ್ನು ಎಷ್ಟರೊಳಗೆ ಬಿಟ್ಟುಕೊಡಬೇಕು ಎಂಬುದನ್ನು ಅಮೆರಿಕದಲ್ಲಿ 1987ರ ಒಂದು ಕಾಯ್ದೆ ಮತ್ತು ಅದರಡಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮಾಡಿದ ರೆಗ್ಯುಲೇಶನ್ ಸಿಸಿ ಎಂಬ ನಿಯಮಾವಳಿ ನಿಗದಿ ಮಾಡುತ್ತವೆ. ಅದಕ್ಕೂ ಮುಂಚೆ ಬ್ಯಾಂಕುಗಳು ಚೆಕ್ಕಿನ ಹಣವನ್ನು ತಮಗೆ ತೋಚಿದಷ್ಟು ದಿನ ಹಿಡಿದಿಡುತ್ತಿದ್ದವು. ಈಗ, ಕೌಂಟರಿನಲ್ಲಿ ಸಿಬ್ಬಂದಿಯ ಕೈಗೆ ಕೊಟ್ಟ ನಗದು, ವೈರ್ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ನೇರ ವರ್ಗಾವಣೆ) ಮೂಲಕ ಬಂದ ಹಣ, ಸಂಬಳದಂತೆ ಎಸಿಎಚ್ ಎಂಬ ವಿದ್ಯುನ್ಮಾನ ಪಾವತಿ ಜಾಲದ ಮೂಲಕ ನೇರವಾಗಿ ಬಂದ ಹಣ, ಕೌಂಟರಿನಲ್ಲಿ ಕೊಟ್ಟ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ತನ್ನ ಮೇಲೆ ಬರೆದುಕೊಡುವ ಚೆಕ್) ಇವೆಲ್ಲ ಮುಂದಿನ ಕೆಲಸದ ದಿನದೊಳಗೆ ಲಭ್ಯವಾಗಬೇಕು. ಸಾಮಾನ್ಯ ಚೆಕ್ಕಾದರೆ ಆ ದಿನದ ಜಮೆಯಲ್ಲಿ ಮೊದಲ 275 ಡಾಲರ್ ಮುಂದಿನ ಕೆಲಸದ ದಿನ, ಉಳಿದದ್ದು ಎರಡನೆಯ ಕೆಲಸದ ದಿನ. ಈ ಮೊತ್ತ 225 ಇದ್ದುದು 2025ರ ಜುಲೈ 1ರಿಂದ 275 ಆಗಿದೆ. ನಗದನ್ನೇ ಆದರೂ ಕೌಂಟರಿನ ಬದಲು ಬ್ಯಾಂಕಿನ ಸ್ವಂತ ಎಟಿಎಂಗೆ ಹಾಕಿದರೆ ನಿಯಮದ ಪ್ರಕಾರ ಎರಡನೆಯ ಕೆಲಸದ ದಿನದವರೆಗೆ ಸಮಯವಿದೆ, ಬೇರೆಯವರ ಎಟಿಎಂಗೆ ಹಾಕಿದರೆ ಐದನೆಯ ದಿನದವರೆಗೆ. ಇವೆಲ್ಲ ಗರಿಷ್ಠ ಗಡುವುಗಳು. ಅನೇಕ ಬ್ಯಾಂಕುಗಳು ನಗದನ್ನು ಆ ಕ್ಷಣವೇ ಬಿಡುತ್ತವೆ.

ಕೆಲಸದ ದಿನ ಎಂಬ ಮಾತಿನಲ್ಲಿಯೇ ಒಂದು ಸೂಕ್ಷ್ಮವಿದೆ. ಶನಿವಾರ ಶಾಖೆಯ ಬಾಗಿಲು ತೆರೆದಿದ್ದರೂ, ಕೌಂಟರಿನಲ್ಲಿ ಜನರಿದ್ದರೂ, ಈ ನಿಯಮದ ಲೆಕ್ಕದಲ್ಲಿ ಅದು ಕೆಲಸದ ದಿನವಲ್ಲ. ಭಾನುವಾರವೂ ಫೆಡರಲ್ ರಜೆಗಳೂ ಅಲ್ಲ. ಶಾಖೆಯಲ್ಲಿ ಜಮಾ ಗಡುವನ್ನು ಮಧ್ಯಾಹ್ನ ಎರಡು ಗಂಟೆಯಷ್ಟು ಬೇಗ ಇಟ್ಟುಕೊಳ್ಳಲೂ, ಎಟಿಎಂಗೆ ಮಧ್ಯಾಹ್ನ ಹನ್ನೆರಡಕ್ಕೇ ಇಟ್ಟುಕೊಳ್ಳಲೂ ಬ್ಯಾಂಕಿಗೆ ಅವಕಾಶವಿದೆ. ಅದಕ್ಕಿಂತ ಮುಖ್ಯವಾದುದು, ಫೋನಿನಲ್ಲಿ ಫೋಟೊ ತೆಗೆದು ಹಾಕಿದ ಚೆಕ್ಕಿಗೆ ಈ ನಿಯಮಾವಳಿಯ ಗಡುವುಗಳ ರಕ್ಷಣೆ ಇದೆಯೆಂದು ನಂಬಿಕೊಳ್ಳಬಾರದು. ಕಾಗದದ ಚೆಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವದು. ಮೊಬೈಲ್ ಜಮೆಗೆ ನಿಮ್ಮ ಖಾತೆಯ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ನಡೆಯುತ್ತದೆ. ನಿಮ್ಮ ಬ್ಯಾಂಕು ಕಾಗದದ ಚೆಕ್ಕಿನಂತೆಯೇ ನಡೆದುಕೊಂಡಿದೆ, ಅಷ್ಟು ಒಳ್ಳೆಯದು. ಹೊಸದಾಗಿ ಹೋದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ವಿಷಯ: ಖಾತೆ ತೆರೆದ ಮೊದಲ 30 ದಿನಗಳಲ್ಲಿ ಸಾಮಾನ್ಯ ಚೆಕ್ಕುಗಳಿಗೆ ಈ ಎರಡು ದಿನಗಳ ಗಡುವು ಅನ್ವಯಿಸುವುದಿಲ್ಲ. ಒಂದೇ ದಿನ 6,725 ಡಾಲರ್‌ಗಿಂತ ಹೆಚ್ಚಿನ ಚೆಕ್ಕುಗಳನ್ನು ಹಾಕಿದರೆ ಮೀರಿದ ಭಾಗವನ್ನೂ, ಒಮ್ಮೆ ಮರಳಿದ ಚೆಕ್ಕನ್ನು ಮತ್ತೆ ಹಾಕಿದರೆ ಅದನ್ನೂ, ಪದೇ ಪದೇ ಕೊರತೆಗೆ ಇಳಿಯುವ ಖಾತೆಯ ಚೆಕ್ಕುಗಳನ್ನೂ ಇನ್ನಷ್ಟು ದಿನ ತಡೆಹಿಡಿಯಬಹುದು. ಅಂದರೆ ಹಣದ ಮುಗ್ಗಟ್ಟು ಇರುವವರ ಹಣವೇ ಹೆಚ್ಚು ದಿನ ಸಿಕ್ಕಿಕೊಳ್ಳುತ್ತದೆ.

ಖರ್ಚಿನ ಕಡೆಯಲ್ಲಿಯೂ ಇದೇ ಬಗೆಯ ತಡೆಗಳಿವೆ. ಪೆಟ್ರೋಲ್ ಪಂಪಿನಲ್ಲಿ ಕಾರ್ಡ್ ತೂರಿಸಿದಾಗ ನೀವು ಎಷ್ಟು ತುಂಬಿಸಿಕೊಳ್ಳುವಿರೆಂದು ಪಂಪಿಗೆ ಗೊತ್ತಿರುವುದಿಲ್ಲ. ಅದು ನಿಮ್ಮ ನಿಜವಾದ ಬಿಲ್ಲಿಗಿಂತ ಎಷ್ಟೋ ದೊಡ್ಡ ಮೊತ್ತಕ್ಕೆ ಒಪ್ಪಿಗೆ ಪಡೆದುಕೊಳ್ಳಬಹುದು, ಮತ್ತು ಆ ತಡೆ ತೆರವಾಗುವವರೆಗೆ ಅಷ್ಟೂ ಹಣ ಅವೈಲಬಲ್ ಬ್ಯಾಲೆನ್ಸಿನಿಂದ ಮಾಯವಾಗಿರುತ್ತದೆ. ಹೋಟೆಲ್ ಕೊಠಡಿ, ಬಾಡಿಗೆ ಕಾರು ಇವುಗಳಲ್ಲಿ ಇದು ದಿನಗಟ್ಟಲೆ ಉಳಿಯುವುದುಂಟು. ತದ್ವಿರುದ್ಧವಾಗಿ, ನೀವು ಬರೆದು ಕೊಟ್ಟ ಚೆಕ್ ಯಾವ ಸಂಖ್ಯೆಯಲ್ಲೂ ಕಾಣಿಸುವುದಿಲ್ಲ, ಅದು ಬ್ಯಾಂಕಿಗೆ ಬಂದ ದಿನವೇ ಕಾಣಿಸುವುದು. ಅವೈಲಬಲ್ ಬ್ಯಾಲೆನ್ಸನ್ನೂ ಕುರುಡಾಗಿ ನಂಬುವಂತಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ: ಬಾಡಿಗೆ ಚೆಕ್ ಕೊಟ್ಟ ಗಳಿಗೆಯಲ್ಲೇ ಆ 700 ಡಾಲರನ್ನು ನಿಮ್ಮ ಲೆಕ್ಕದಿಂದ ನೀವೇ ಕಳೆದುಬಿಡಬೇಕು.

ಲೆಕ್ಕಕ್ಕೆ ಏರಿಸುವ ಕ್ರಮದ ಬಗ್ಗೆ ಕೂಡ ಒಂದು ಮಾತು. ಸೋಮವಾರ ರಾತ್ರಿ ನಿಮ್ಮ ಬ್ಯಾಂಕು ವಿದ್ಯುತ್ ಬಿಲ್ಲನ್ನು ಮೊದಲು, ಬಾಡಿಗೆಯನ್ನು ಆಮೇಲೆ ಏರಿಸಿದ್ದರೆ 196ರಲ್ಲಿ 118 ಹೋಗಿ 78 ಉಳಿಯುತ್ತಿತ್ತು, ಬಾಡಿಗೆಗೆ ಮಾತ್ರ ಶುಲ್ಕ ಬೀಳುತ್ತಿತ್ತು. ದೊಡ್ಡ ಮೊತ್ತವನ್ನು ಮೊದಲು ಏರಿಸಿ ಸಣ್ಣ ಸಣ್ಣ ಖರ್ಚುಗಳನ್ನೆಲ್ಲ ಕೊರತೆಗೆ ತಳ್ಳುವ ಪದ್ಧತಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. 2010ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಇದೇ ವಿಷಯಕ್ಕೆ ವೆಲ್ಸ್ ಫಾರ್ಗೊ ಬ್ಯಾಂಕು 203 ಮಿಲಿಯನ್ ಡಾಲರ್ ಹಿಂದಿರುಗಿಸಬೇಕೆಂದು ತೀರ್ಪು ಕೊಟ್ಟರು. ಮರುವರ್ಷ ಬ್ಯಾಂಕ್ ಆಫ್ ಅಮೆರಿಕ 410 ಮಿಲಿಯನ್ ಡಾಲರ್‌ಗಳಿಗೆ ರಾಜಿ ಮಾಡಿಕೊಂಡಿತು. ಅಂದಿನಿಂದ ಅನೇಕ ಬ್ಯಾಂಕುಗಳು ಕ್ರಮ ಬದಲಿಸಿವೆ. ನಿಮ್ಮ ಪ್ರಕರಣದಲ್ಲಿ ಚೆಕ್ಕುಗಳು ಮೊದಲು, ವಿದ್ಯುತ್ತಿನ ಆಟೋಪೇಯಂಥ ಎಸಿಎಚ್ ಪಾವತಿಗಳು ಆಮೇಲೆ ಎಂಬ ಕ್ರಮವೂ ಇರಬಹುದು, ದೊಡ್ಡದು ಮೊದಲು ಎಂಬುದೂ ಇರಬಹುದು; ಒಪ್ಪಂದದ ಪುಸ್ತಿಕೆಯಲ್ಲಿ ಈ ಕ್ರಮವನ್ನು ಬರೆದಿರುತ್ತಾರೆ, ನೋಡಿಕೊಳ್ಳಿ.

ಈಗ ಮೂರನೆಯ ಶುಲ್ಕಕ್ಕೆ ಬರುತ್ತೇನೆ. ನಿಮ್ಮ ವಾದ ಗಟ್ಟಿಯಾಗಿರುವುದು ಇಲ್ಲಿಯೇ, ಅದೂ ಎರಡು ಕಾರಣಗಳಿಂದ. ಒಂದನೆಯದಾಗಿ, ರೆಗ್ಯುಲೇಶನ್ ಇ ಎಂಬ ನಿಯಮದಂತೆ 2010ರಿಂದ ಈಚೆಗೆ, ಎಟಿಎಂನಿಂದ ತೆಗೆದ ಹಣಕ್ಕೂ ಡೆಬಿಟ್ ಕಾರ್ಡಿನ ಒಂದು ಬಾರಿಯ ಖರ್ಚಿಗೂ ಓವರ್‌ಡ್ರಾಫ್ಟ್ ಶುಲ್ಕ ಹಾಕಬೇಕಾದರೆ ಗ್ರಾಹಕರು ಮೊದಲೇ ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟಿರಬೇಕು. ಚೆಕ್ಕುಗಳಿಗೂ ಆಟೋಪೇಗಳಿಗೂ ಈ ರಕ್ಷಣೆ ಇಲ್ಲ. ಬಾಡಿಗೆ ಮತ್ತು ವಿದ್ಯುತ್ತಿನ ಶುಲ್ಕಗಳನ್ನು ಈ ಆಧಾರದ ಮೇಲೆ ಪ್ರಶ್ನಿಸಲಾಗದು. ಆದರೆ ಪೆಟ್ರೋಲಿನದು ಇದರೊಳಗೆ ಬರುತ್ತದೆ. ಆದ್ದರಿಂದ ನೀವು ಯಾವ ದಿನ, ಯಾವ ರೀತಿಯಲ್ಲಿ ಒಪ್ಪಿಗೆ ಕೊಟ್ಟಿರಿ ಎಂಬ ದಾಖಲೆಯನ್ನು ಬ್ಯಾಂಕಿನಿಂದ ಕೇಳಿ. ದಾಖಲೆ ಇಲ್ಲದಿದ್ದರೆ ಆ ಶುಲ್ಕವನ್ನು ಉಳಿಸಿಕೊಳ್ಳುವ ಹಕ್ಕು ಬ್ಯಾಂಕಿಗಿಲ್ಲ. ಖಾತೆ ತೆರೆಯುವ ದಿನ ಡೆಸ್ಕಿನಾಚೆಯಿಂದ ಯಾರೋ ತಿರುಗಿಸಿ ತೋರಿಸಿದ ಪರದೆಯ ಮೇಲೆ ಹೌದು, ಹೌದು ಎಂದು ಒತ್ತುತ್ತಾ ಹೋದವರೇ ಹೆಚ್ಚು. ಒಪ್ಪಿಗೆ ಕೊಟ್ಟಿದ್ದರೆ ಇಂದೇ ಹಿಂಪಡೆಯಿರಿ, ಅದಕ್ಕೆ ಯಾವಾಗಲೂ ಅವಕಾಶವಿದೆ. ಆಮೇಲೆ ಹಣವಿಲ್ಲದಾಗ ಕಾರ್ಡ್ ನಿರಾಕರಣೆಯಾಗುತ್ತದೆ. ಅಂಗಡಿಯಲ್ಲಿ ಒಂದು ಕ್ಷಣ ಮುಜುಗರವಾದರೂ 35 ಡಾಲರ್ ಉಳಿಯುತ್ತದೆ.

ಎರಡನೆಯದಾಗಿ, ಭಾನುವಾರ ನೀವು ಕಾರ್ಡ್ ಕೊಟ್ಟಾಗ ಖಾತೆಯಲ್ಲಿ ಪೆಟ್ರೋಲಿಗೆ ಬೇಕಾದಷ್ಟು ಹಣವಿತ್ತು, ಬ್ಯಾಂಕು ಅದನ್ನು ನೋಡಿಯೇ ಒಪ್ಪಿಗೆ ಕೊಟ್ಟಿತು. ಎರಡು ದಿನ ಕಳೆದು ಅದೇ ಖರ್ಚು ಲೆಕ್ಕಕ್ಕೆ ಏರುವಾಗ ಬೇರೆ ಪಾವತಿಗಳಿಂದ ಖಾತೆ ಕೊರತೆಗೆ ಇಳಿದಿತ್ತು ಎಂಬ ಕಾರಣಕ್ಕೆ ಶುಲ್ಕ ಹಾಕಿದ್ದು. ಒಪ್ಪುವಾಗ ಹಣವಿದ್ದು, ಏರಿಸುವಾಗ ಇಲ್ಲವಾದ ಇಂಥ ಖರ್ಚುಗಳಿಗೆ ಹಾಕಿದ ಶುಲ್ಕ ಅನ್ಯಾಯದ್ದೆಂದು ಗ್ರಾಹಕರ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿ ಹಲವು ಬ್ಯಾಂಕುಗಳ ಮೇಲೆ ಕ್ರಮ ಕೈಗೊಂಡಿತ್ತು: 2022ರ ಸೆಪ್ಟೆಂಬರ್‌ನಲ್ಲಿ ರೀಜನ್ಸ್ ಬ್ಯಾಂಕಿಗೆ ದಂಡ ಮತ್ತು ಮರುಪಾವತಿ ಸೇರಿ 191 ಮಿಲಿಯನ್ ಡಾಲರ್ ತೆರುವಂತೆ ಆದೇಶಿಸಿತು. ಗ್ರಾಹಕರು ಎಷ್ಟು ಎಚ್ಚರವಹಿಸಿದರೂ ಈ ಶುಲ್ಕವನ್ನು ಮುಂಗಾಣಲಾರರು ಎಂಬುದೇ ಅದರ ವಿರುದ್ಧದ ಬಲವಾದ ವಾದ. ನಿಮ್ಮ ಪತ್ರದಲ್ಲಿ ಈ ಮಾತನ್ನು ಬರೆಯಿರಿ: ಖರ್ಚಿನ ದಿನ, ಆಗಿದ್ದ ಅವೈಲಬಲ್ ಬ್ಯಾಲೆನ್ಸ್, ಲೆಕ್ಕಕ್ಕೆ ಏರಿದ ದಿನ ಮೂರನ್ನೂ ಒಂದೇ ಸಾಲಿನಲ್ಲಿ ಕೊಡಿ.

ಉಳಿದ ಎರಡು ಶುಲ್ಕಗಳನ್ನು ಹಕ್ಕಿನಿಂದ ಕೇಳಲಾಗದಿದ್ದರೂ ವಿನಂತಿಯಿಂದ ಕೇಳಬಹುದು. ಮೊದಲ ಬಾರಿ ತಪ್ಪಿದ ಗ್ರಾಹಕರಿಗೆ, ಅದರಲ್ಲಿಯೂ ವಿದ್ಯಾರ್ಥಿಗಳಿಗೆ, ಒಂದೋ ಎರಡೋ ಶುಲ್ಕವನ್ನು ಮನ್ನಾ ಮಾಡುವ ಅಧಿಕಾರ ಸಾಮಾನ್ಯವಾಗಿ ಶಾಖೆಯ ಮಟ್ಟದಲ್ಲೇ ಇರುತ್ತದೆ. ಫೋನಿನಲ್ಲಿ ಸಿಗುವವರಿಗಿಂತ ಶಾಖೆಗೆ ಹೋಗಿ ಮಾತನಾಡುವುದು ಮೇಲು. ಅಲ್ಲಿ ಆಗದಿದ್ದರೆ ಸಿಎಫ್‌ಪಿಬಿಯ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ದೂರನ್ನು ಅದು ಬ್ಯಾಂಕಿಗೇ ಕಳುಹಿಸಿ ಉತ್ತರ ಕೇಳುತ್ತದೆ, ಮತ್ತು ಹಾಗೆ ಬಂದ ಪತ್ರವನ್ನು ಬ್ಯಾಂಕಿನಲ್ಲಿ ಓದುವವರೇ ಬೇರೆ.

ಬ್ಯಾಂಕನ್ನೇ ಬದಲಿಸುವುದು ಇದಕ್ಕಿಂತ ಸುಲಭದ ದಾರಿಯಾಗಬಹುದು. ಈ ಶುಲ್ಕಗಳ ಮೇಲೆ ಟೀಕೆ ಹೆಚ್ಚಿದಂತೆ ದೊಡ್ಡ ಬ್ಯಾಂಕುಗಳಲ್ಲಿ ಕ್ಯಾಪಿಟಲ್ ಒನ್ ಮತ್ತು ಸಿಟಿ 2022ರಲ್ಲಿ ಓವರ್‌ಡ್ರಾಫ್ಟ್ ಶುಲ್ಕವನ್ನು ಪೂರ್ತಿಯಾಗಿ ಕೈಬಿಟ್ಟವು, ಬ್ಯಾಂಕ್ ಆಫ್ ಅಮೆರಿಕ ಅದೇ ವರ್ಷ 35 ಡಾಲರ್‌ನಿಂದ 10ಕ್ಕೆ ಇಳಿಸಿತು. ಇನ್ನು ಕೆಲವು ಬ್ಯಾಂಕುಗಳು ಸಣ್ಣ ಕೊರತೆಗೆ ಶುಲ್ಕ ಹಾಕುವುದಿಲ್ಲ, ಅಥವಾ ಮರುದಿನದೊಳಗೆ ತುಂಬಿದರೆ ಬಿಟ್ಟುಬಿಡುತ್ತವೆ. ಬ್ಯಾಂಕ್ ಆನ್ ಎಂಬ ಪ್ರಮಾಣಪತ್ರ ಪಡೆದ ಖಾತೆಗಳಲ್ಲಿ ಓವರ್‌ಡ್ರಾಫ್ಟ್ ಶುಲ್ಕವೇ ಇರುವಂತಿಲ್ಲ. ಸರ್ಕಾರ ಮಿತಿ ಹೇರುತ್ತದೆಂದು ಕಾಯುವುದರಲ್ಲಿ ಮಾತ್ರ ಅರ್ಥವಿಲ್ಲ: ಹತ್ತು ಬಿಲಿಯನ್ ಡಾಲರ್‌ಗಿಂತ ಹೆಚ್ಚಿನ ಆಸ್ತಿಯುಳ್ಳ ಬ್ಯಾಂಕುಗಳ ಶುಲ್ಕವನ್ನು 5 ಡಾಲರ್‌ಗೆ ಇಳಿಸುವ ದಾರಿ ತೋರಿದ್ದ ನಿಯಮವನ್ನು ಸಿಎಫ್‌ಪಿಬಿ 2024ರ ಡಿಸೆಂಬರ್‌ನಲ್ಲಿ ಹೊರಡಿಸಿತ್ತು, ಅದು ಜಾರಿಗೆ ಬರುವ ಮುನ್ನವೇ 2025ರ ಮೇ ತಿಂಗಳಲ್ಲಿ ಸಂಸತ್ತಿನ ನಿರ್ಣಯಕ್ಕೆ ಅಧ್ಯಕ್ಷರ ಸಹಿ ಬಿದ್ದು ರದ್ದಾಯಿತು.

ಅಂಥ ವಾರಾಂತ್ಯ ಮತ್ತೆ ಬಂದರೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚೆಕ್ಕಿನಿಂದ ಆಗದ ಕೆಲಸ ಸಹಪಾಠಿಯೊಬ್ಬರು ಝೆಲ್ ಎಂಬ ತಕ್ಷಣದ ಹಣ ವರ್ಗಾವಣೆ ಸೇವೆಯಲ್ಲಿ ಕಳುಹಿಸಿದ ಹಣದಿಂದ ಸಾಮಾನ್ಯವಾಗಿ ನಿಮಿಷಗಳಲ್ಲಿ ಆಗುತ್ತದೆ, ಏಕೆಂದರೆ ಅದು ಬಂದ ಕೂಡಲೇ ಅವೈಲಬಲ್ ಬ್ಯಾಲೆನ್ಸಿಗೆ ಸೇರುತ್ತದೆ. ಮನೆಯಿಂದ ಹಣ ತರಿಸುವುದು ಈ ತುರ್ತಿಗೆ ಉಪಯೋಗವಿಲ್ಲ. ನಿಮಗೆ ಶುಕ್ರವಾರ ರಾತ್ರಿಯಾದಾಗ ಹಾಸನದಲ್ಲಿ ಶನಿವಾರ ಬೆಳಗಾಗಿರುತ್ತದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಅಲ್ಲಿ ಬ್ಯಾಂಕಿಗೆ ರಜೆ, ಬೇರೆ ಶನಿವಾರ ತಂದೆಯವರು ಅರ್ಜಿ ಕೊಟ್ಟು ಕಳುಹಿಸಿದರೂ ಆ ವೈರ್ ಸೋಮವಾರಕ್ಕಿಂತ ಮುಂಚೆ ನಿಮ್ಮ ಖಾತೆಗೆ ಬರುತ್ತದೆಂದು ನೆಚ್ಚುವಂತಿಲ್ಲ. ಬಾಡಿಗೆಯ ದಿನವನ್ನು ಒಂದೆರಡು ದಿನ ಮುಂದೂಡಲು ಮಾಲೀಕರನ್ನು ಕೇಳುವುದು ಎಷ್ಟೋ ಅಗ್ಗ.

ಲಭ್ಯವಾದ ಹಣವೆಲ್ಲ ನಿಮ್ಮದಾದ ಹಣವಲ್ಲ ಎಂಬುದನ್ನೂ ಇದೇ ಸಂದರ್ಭದಲ್ಲಿ ತಿಳಿದುಕೊಳ್ಳಬೇಕು, ಏಕೆಂದರೆ ವಿದ್ಯಾರ್ಥಿಗಳು ದೊಡ್ಡ ಮೊತ್ತ ಕಳೆದುಕೊಳ್ಳುವುದು ಓವರ್‌ಡ್ರಾಫ್ಟ್ ಶುಲ್ಕದಿಂದಲ್ಲ, ಇದರಿಂದ. ಬ್ಯಾಂಕು ಗಡುವಿಗೆ ಸರಿಯಾಗಿ ಚೆಕ್ಕಿನ ಹಣ ಬಿಟ್ಟುಕೊಟ್ಟಿತೆಂದರೆ ಚೆಕ್ ಬರೆದವರ ಬ್ಯಾಂಕು ಹಣ ಕೊಟ್ಟಿತೆಂದು ಅರ್ಥವಲ್ಲ. ನಕಲಿ ಚೆಕ್ ಮರಳಲು ವಾರಗಳೇ ಹಿಡಿಯಬಹುದು, ಆಗ ಬ್ಯಾಂಕು ಪೂರ್ತಿ ಮೊತ್ತವನ್ನು ನಿಮ್ಮ ಖಾತೆಯಿಂದ ಹಿಂತೆಗೆದುಕೊಳ್ಳುತ್ತದೆ. ಅರೆಕಾಲಿಕ ಕೆಲಸ ಕೊಡುವುದಾಗಿ ಇಮೇಲ್ ಬರೆದು, ಸಾಮಗ್ರಿ ಕೊಳ್ಳಲೆಂದು ಕ್ಯಾಷಿಯರ್ಸ್ ಚೆಕ್ ಕಳುಹಿಸಿ, ಅದರಲ್ಲಿ ಒಂದು ಭಾಗವನ್ನು ಗಿಫ್ಟ್ ಕಾರ್ಡ್ ರೂಪದಲ್ಲಿ ವಾಪಸ್ ಕೇಳುವ ವಂಚಕರು ಬಂಡವಾಳ ಮಾಡಿಕೊಂಡಿರುವುದು ಈ ಅಂತರವನ್ನೇ. ಗುರುತಿಲ್ಲದವರ ಚೆಕ್ ಜಮಾ ಮಾಡಿ ಅದರ ಹಣವನ್ನು ಮತ್ತೊಬ್ಬರಿಗೆ ಕಳುಹಿಸಬೇಕಾದ ಯಾವ ಕೆಲಸವೂ ನಿಜವಾದ ಕೆಲಸವಲ್ಲ.

ಓದು ಮುಗಿಸಿ ಊರಿಗೆ ಮರಳುವುದಾದರೆ ಖಾತೆಯನ್ನು ಹಾಗೆಯೇ ಬಿಟ್ಟು ವಿಮಾನ ಹತ್ತಬೇಡಿ. ವಿದ್ಯಾರ್ಥಿ ಖಾತೆಯ ವಿನಾಯಿತಿ ಮುಗಿದ ಮೇಲೆ ತಿಂಗಳ ನಿರ್ವಹಣಾ ಶುಲ್ಕ ಬೀಳತೊಡಗಿ ಸೊನ್ನೆಯಿದ್ದ ಖಾತೆ ತಾನಾಗಿ ಕೊರತೆಗೆ ಇಳಿಯಬಹುದು. ತೀರಿಸದ ಕೊರತೆಯನ್ನು ಬ್ಯಾಂಕು ಚೆಕ್ಸ್‌ಸಿಸ್ಟಮ್ಸ್ ಎಂಬ, ಖಾತೆದಾರರ ಹಿಂದಿನ ದಾಖಲೆಯನ್ನು ಬ್ಯಾಂಕುಗಳಿಗೆ ಒದಗಿಸುವ ಸಂಸ್ಥೆಗೆ ವರದಿ ಮಾಡಿದರೆ ಆ ದಾಖಲೆ ಐದು ವರ್ಷ ಉಳಿಯುತ್ತದೆ. ಮುಂದೆ ನೀವು ಕೆಲಸದ ವೀಸಾದಲ್ಲಿ ಮತ್ತೆ ಹೋದಾಗ ಹೊಸ ಖಾತೆ ತೆರೆಯುವುದೇ ಕಷ್ಟವಾದೀತು. ಎಲ್ಲ ಆಟೋಪೇಗಳನ್ನು ನಿಲ್ಲಿಸಿ, ಕೊಟ್ಟ ಚೆಕ್ಕುಗಳೆಲ್ಲ ಬಂದು ಮುಗಿದ ಮೇಲೆ ಖಾತೆ ಮುಚ್ಚಿಸಿ, ಮುಚ್ಚಿದ್ದಕ್ಕೆ ಲಿಖಿತ ಪತ್ರ ಪಡೆದುಕೊಳ್ಳಿ.